ಹಂಡೆ ನೀರಿಗೊಂದು ಯೂನಿಟ್

ಭದ್ರಾವತಿಯ ಜನ್ನಾಪುರದ ಬಂಗಾರಮ್ಮ ಮದುವೆ ಅಡುಗೆಗೆ ಹೋದಲ್ಲೆಲ್ಲ ತೂಕದ ಕಾಟಾ ಒಯ್ಯುತ್ತಿದ್ದಳು. ಅದು ಅಕ್ಕಿ ಬೇಳೆಗಲ್ಲ, ಗ್ಯಾಸ್ ಸಿಲಿಂಡರಿಗೆ. ಹುಳಿಗೆ ಇಡುವ ಮೊದಲು ಸಿಲಿಂಡರನ್ನು ಕಾಟಾದ ಮೇಲೆ ಏರಿಸುವುದು, ಹುಳಿ ಇಳಿಸಿದ ಮೇಲೆ ಮತ್ತೆ ಏರಿಸುವುದು, ಎಷ್ಟು ಇಳಿಯಿತೆಂದು ಪುಸ್ತಕದಲ್ಲಿ ಬರೆದುಕೊಳ್ಳುವುದು. ಒಮ್ಮೆ ಬಾರಂದೂರಿನ ಒಂದು ಮದುವೆಯಲ್ಲಿ ಅನ್ನ ಅರ್ಧ ಬೆಂದಾಗ ಗ್ಯಾಸ್ ಮುಗಿದು ಮಾನ ಹೋಗುವುದರಲ್ಲಿತ್ತು. ಅಂದಿನಿಂದ ಹನ್ನೊಂದು ವರ್ಷ ಈ ಪದ್ಧತಿ ತಪ್ಪಿಲ್ಲ. ಆರುನೂರು ಜನದ ಮದುವೆಗೆ ತಿಂಡಿ, ಊಟ ಎಲ್ಲ ಸೇರಿ ಮೂವತ್ತಾರು ಕೆಜಿ ಗ್ಯಾಸ್ ಬೇಕು ಎಂದು ಅವಳು ನಿದ್ದೆಯಲ್ಲೂ ಹೇಳಿಯಾಳು.

ಶಿವಮೊಗ್ಗ ಪಟ್ಟಣದಲ್ಲಿ ಅವಳಿಗೆ ಸಿಕ್ಕ ಮೊದಲ ಮದುವೆ ಇದು. ಹೆಣ್ಣಿನ ತಂದೆ ಭೈರಪ್ಪ ಭದ್ರಾವತಿ ಕಡೆಯ ರೈತ. ಅವಳ ಕೈರುಚಿ ಬಲ್ಲವನು, ಹಟ ಹಿಡಿದು ಅವಳನ್ನೇ ಕರೆಸಿದ್ದ. ಆರುನೂರು ಜನ, ಹನ್ನೆರಡೂವರೆಗೆ ಮೊದಲ ಪಂಕ್ತಿ. ಪಂಕ್ತಿ ತಡವಾದರೆ ಪಟ್ಟಣದ ಜನ ಇನ್ನೊಮ್ಮೆ ಕರೆಯುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಹೊಸಮನೆ ಬಡಾವಣೆಯ ಛತ್ರಕ್ಕೆ ಬಂದು ಇಳಿದಾಗ ಮ್ಯಾನೇಜರ್ ಜಯಕುಮಾರ್ ಕಾಟಾ ನೋಡಿ ನಕ್ಕ.

"ಇದನ್ನ್ಯಾಕೆ ಹೊತ್ಕೊಂಡ್ ಬಂದ್ರಿ ಬಂಗಾರಮ್ಮೋರೆ? ನಮ್ದು ಈಗ ಪೈಪ್ ಗ್ಯಾಸ್. ಸಿಲಿಂಡರ್ ಒಳಗೆ ತರೋ ಹಾಗೇ ಇಲ್ಲ. ಪೈಪ್ ತೂಗ್ತೀರಾ?"

"ಪೈಪಲ್ಲಿ ಎಷ್ಟು ಗ್ಯಾಸ್ ಇರತ್ತೆ?"

"ಅದೊಳ್ಳೆ ಕೇಳಿದ್ರಲ್ಲ! ಮುಗಿಯೋದೇ ಇಲ್ಲ ಮಾರಾಯ್ರೆ. ತಿರುಗಿಸಿದ್ರೆ ಬರ್ತಾನೇ ಇರತ್ತೆ."

ಜೊತೆಗೆ ಬಂದಿದ್ದ ಅಡುಗೆಯ ವಿಮಲಾಗೆ ಸಂತೋಷವಾಯಿತು. "ಒಂದು ತಲೆನೋವು ಕಳೀತು ಬಿಡಕ್ಕ" ಎಂದಳು. ಬಂಗಾರಮ್ಮನಿಗೆ ಕಳೆಯಲಿಲ್ಲ. ಭದ್ರಾ ಕಾಲುವೆಯಲ್ಲೂ ನೀರು ಮುಗಿಯುವುದಿಲ್ಲ, ಆದರೆ ಗದ್ದೆಗೆ ಬರುವುದು ತೂಬು ಎಷ್ಟು ದೊಡ್ಡದೋ ಅಷ್ಟೇ. ಅವಳು ನೇರ ಹೋಗಿ ಗೋಡೆಯ ಮೇಲಿದ್ದ ಮೀಟರಿನ ಮುಂದೆ ನಿಂತಳು.

"ಇದು ಕೆಜಿಯಲ್ಲಿ ತೋರ್ಸತ್ತಾ?"

"ಕೆಜಿ ಅಲ್ಲ, ಘನ ಮೀಟರ್. ಯೂನಿಟ್ ಅಂತೀವಿ" ಎಂದ ಜಯಕುಮಾರ್. ಅವಳ ಮುಖ ನೋಡಿ, ಕಿಟಕಿಯಿಂದ ಪಕ್ಕದ ಮನೆಯ ತಾರಸಿ ತೋರಿಸಿದ. "ಅಲ್ಲಿ ಕರೀ ಟ್ಯಾಂಕ್ ಇದ್ಯಲ್ಲ, ಸಾವಿರ ಲೀಟರಿಂದು? ಅದ್ರ ತುಂಬ ಈ ಗ್ಯಾಸ್ ತುಂಬಿದ್ರೆ ಒಂದು ಯೂನಿಟ್."

"ಅಷ್ಟು ದೊಡ್ಡ ಟ್ಯಾಂಕಿನ ಗ್ಯಾಸಲ್ಲಿ ಏನು ಬೇಯತ್ತೆ?"

ಅದು ಜಯಕುಮಾರ್‌ಗೂ ಗೊತ್ತಿರಲಿಲ್ಲ. ಬಂಗಾರಮ್ಮ ಸೆರಗು ಸಿಕ್ಕಿಸಿಕೊಂಡಳು. ಐವತ್ತು ಲೀಟರಿನ ಹಂಡೆಗೆ ಕಂಠಮಟ್ಟ ನೀರು ತುಂಬಿಸಿ ಒಂದು ದೊಡ್ಡ ಒಲೆಯ ಮೇಲೆ ಇಟ್ಟಳು. ಮೀಟರಿನ ಅಂಕಿ ಬರೆದುಕೊಂಡಳು. ಅರ್ಧ ಗಂಟೆಗೆ ನೀರು ಮರಳಿತು. ಮತ್ತೆ ಮೀಟರ್ ನೋಡಿದರೆ ಸರಿಯಾಗಿ ಒಂದು ಯೂನಿಟ್ ಓಡಿತ್ತು. ಪುಸ್ತಕ ತೆಗೆದು ಹಾಳೆ ತಿರುವಿದಳು. ಇದೇ ಹಂಡೆ, ಇಷ್ಟೇ ನೀರು, ಸಿಲಿಂಡರಿನಲ್ಲಿ ಮುಕ್ಕಾಲು ಕೆಜಿ.

"ನೋಡೇ ವಿಮಲಾ, ಆ ಟ್ಯಾಂಕಿನ ತುಂಬ ಇರೋ ಗ್ಯಾಸೂ ನಮ್ಮ ಮುಕ್ಕಾಲು ಕೆಜಿಯೂ ಸಮ."

"ಹಂಗಾದ್ರೆ ನಮ್ಮ ಹತ್ತೊಂಬತ್ತು ಕೆಜಿ ಸಿಲಿಂಡರು?"

ಬಂಗಾರಮ್ಮ ಬೆರಳು ಮಡಿಸಿ ಲೆಕ್ಕ ಹಾಕಿದಳು. ಇಪ್ಪತ್ತೈದು ಟ್ಯಾಂಕು. ಸೊಂಟದೆತ್ತರದ ಒಂದು ಸಿಲಿಂಡರಿನಲ್ಲಿ ಇಪ್ಪತ್ತೈದು ಟ್ಯಾಂಕಿನ ಬೆಂಕಿಯನ್ನು ಒತ್ತಿ, ನೀರು ಮಾಡಿ ಮುಚ್ಚಿಟ್ಟಿದ್ದಾರೆ. ಇಷ್ಟು ವರ್ಷ ಅದನ್ನು ಕಾಲಿನಿಂದ ಉರುಳಿಸಿಕೊಂಡು ಓಡಾಡಿದ್ದಳು ಅವಳು!

"ಸರಿ ಮ್ಯಾನೇಜರ್ರೆ, ಈ ಮೀಟರು ಗಂಟೆಗೆ ಎಷ್ಟು ಬಿಡತ್ತೆ?"

ಜಯಕುಮಾರ್ ಕನ್ನಡಕ ಏರಿಸಿ ಮೀಟರಿನ ಮೇಲಿನ ಸಣ್ಣಕ್ಷರ ಓದಿದ. "ಗಂಟೆಗೆ ಆರು, ಹೆಚ್ಚು ಅಂದ್ರೆ."

ಗಂಟೆಗೆ ಆರು ಯೂನಿಟ್ ಅಂದರೆ ನಾಲ್ಕೂವರೆ ಕೆಜಿ. ಮೂವತ್ತಾರು ಕೆಜಿ ಕೆಲಸಕ್ಕೆ ಎಂಟು ಗಂಟೆ. ಛತ್ರದ ಅಡುಗೆಮನೆ ತೆರೆಯುವುದು ಬೆಳಿಗ್ಗೆ ಆರಕ್ಕೆ.

"ನಾಳೆ ಊಟ ಎರಡು ಗಂಟೆಗೆ" ಎಂದಳು ಬಂಗಾರಮ್ಮ.

"ಏನ್ ತಮಾಷೆ ಮಾಡ್ತೀರಿ! ಐದು ಒಲೆ ಇದಾವೆ, ಐದೂ ಹಚ್ಚಿ."

"ಹಚ್ಚಿ ನೋಡಣ ಬನ್ನಿ."

ಮೂರು ಒಲೆ ಹಚ್ಚುವವರೆಗೆ ಉರಿ ನೀಲಿಯಾಗಿ, ನೆಟ್ಟಗೆ ನಿಂತಿತು. ನಾಲ್ಕನೆಯದಕ್ಕೆ ಎಲ್ಲವೂ ಕುಗ್ಗಿದವು. ಐದನೆಯದನ್ನು ಹಚ್ಚಿದಾಗ ಐದು ಒಲೆಗಳೂ ದೇವರ ಮುಂದಿನ ದೀಪದ ಹಾಗೆ ಸಣ್ಣಗೆ ಉರಿದವು. ಜಯಕುಮಾರ್ ಬಾಗಿ ನೋಡಿದ, ಮತ್ತೊಮ್ಮೆ ನೋಡಿದ. "ಇಷ್ಟು ದಿನ ಇನ್ನೂರು, ಮುನ್ನೂರು ಜನದ್ದೇ ಆಗಿದ್ದು" ಎಂದು ಮೆಲ್ಲಗೆ ಹೇಳಿದ. "ಕಂಪನಿಯೋರಿಗೆ ಫೋನ್ ಹಚ್ಲಾ?"

"ನಾಳೆ ಒಳಗೆ ಅವರು ಬಂದು ದೊಡ್ಡ ಮೀಟರ್ ಹಾಕ್ತಾರಾ? ಬಿಡಿ. ಒಲೆ ಮೂರೇ ಸಾಕು. ಇವತ್ತು ಸಂಜೆ ಅಡುಗೆಮನೆ ಬಿಟ್ಕೊಡಿ."

ಎಲೆಗೆ ಬಿಸಿಬಿಸಿ ಬೂಂದಿ ಲಾಡು ಬಡಿಸುವುದು ಬಂಗಾರಮ್ಮನ ಹೆಸರುವಾಸಿ ಕೆಲಸ. ಅದನ್ನು ಈ ಸಲ ಬಿಟ್ಟುಕೊಟ್ಟಳು. ಲಾಡು, ಚಿರೋಟಿ, ಹಪ್ಪಳ, ಸಾರಿನ ಪುಡಿ ಹುರಿಯುವುದು, ಇವೆಲ್ಲ ಸೇರಿ ಹತ್ತು ಕೆಜಿ ಕೆಲಸ. ಐದಕ್ಕೆ ಹಚ್ಚಿ ಏಳೂಕಾಲಿಗೆ ಮುಗಿಸಿದಳು. ಉಳಿದದ್ದು ಇಪ್ಪತ್ತಾರು ಕೆಜಿ. ಆರಕ್ಕೆ ಶುರುಮಾಡಿದರೆ ಹನ್ನೆರಡಕ್ಕೆ ಹತ್ತು ನಿಮಿಷ ಮೊದಲೇ ಕೊನೆಯ ಪಾತ್ರೆ ಇಳಿಯುತ್ತದೆ.

ಮರುದಿನ ಮೂರು ಒಲೆಯೂ ಒಂದು ನಿಮಿಷ ಖಾಲಿ ಇರದಂತೆ ಕೆಲಸ ಸಾಗಿತು. ಉಪ್ಪಿಟ್ಟು ಇಳಿದ ಜಾಗಕ್ಕೆ ಬೇಳೆ, ಹಾಲು ಇಳಿದ ಜಾಗಕ್ಕೆ ಅಕ್ಕಿಯ ಎಸರು. ಏಳೂವರೆಯ ಹೊತ್ತಿಗೆ ಭೈರಪ್ಪ ಹೊಸ ಪಂಚೆ ಎತ್ತಿ ಹಿಡಿದುಕೊಂಡು ಅಡುಗೆಮನೆಗೆ ಓಡಿಬಂದ.

"ಬಂಗಾರಮ್ಮ, ಕೆಟ್ಟೆ ನಾನು. ಗಂಡಿನ ಕಡೆಯೋರ ಬಸ್ ಬಂತು. ಎರಡು ದಿನದಿಂದ ಮೋಡ, ಸೋಲಾರಲ್ಲಿ ಬಿಸಿನೀರೇ ಇಲ್ಲ. ಬೀಗರು ಆಗ್ಲೇ ಮುಖ ಊದಿಸ್ಕೊಂಡಿದಾರೆ. ಸ್ನಾನಕ್ಕೆ ನೀರು ಕಾಯ್ಸಿಕೊಡು ತಾಯಿ."

ವಿಮಲಾ ಬೇಳೆ ತೊಳೆಯುತ್ತಲೇ ಗೊಣಗಿದಳು. "ಊಟ ಬೇಕೋ ಸ್ನಾನ ಬೇಕೋ ಕೇಳ್ರಿ ಯಜಮಾನ್ರೆ."

"ಎರಡೂ ಬೇಕು ಕಣವ್ವ! ಹೆಣ್ಣು ಕೊಡ್ತಿರೋನು ನಾನು."

ಬಂಗಾರಮ್ಮ ಸೌಟು ಹಿಡಿದೇ ಗಡಿಯಾರ ನೋಡಿದಳು. ಹಂಡೆ ನೀರಿಗೆ ಒಂದು ಯೂನಿಟ್. ಗಂಟೆಗೆ ಆರು ಯೂನಿಟ್ ಬಿಡುವ ಮೀಟರಿನಲ್ಲಿ ಒಂದು ಹಂಡೆ ಎಂದರೆ ಊಟಕ್ಕೆ ಹತ್ತು ನಿಮಿಷ ತಡ. ಅಡುಗೆ ಮುಗಿಯುವುದಕ್ಕೂ ಪಂಕ್ತಿಗೂ ನಡುವೆ ಇರುವುದು ನಲವತ್ತು ನಿಮಿಷ, ಅದರಲ್ಲಿ ಬಡಿಸುವ ತಯಾರಿಗೆ ಹತ್ತು.

"ಮೂರು ಹಂಡೆ ಕೊಡ್ತೀನಿ. ಮರಳೋ ನೀರು, ಅದಕ್ಕೆ ಎರಡರಷ್ಟು ತಣ್ಣೀರು ಬೆರ್ಸಿ. ಇಪ್ಪತ್ತು ಜನಕ್ಕೆ ಆಗತ್ತೆ. ನಾಲ್ಕನೇ ಹಂಡೆ ಕೇಳ್ಬೇಡಿ."

"ಅಷ್ಟು ಖಂಡಿತಾನಾ?"

"ಖಂಡಿತ. ಊಟ ಹನ್ನೆರಡೂವರೆಗೇ."

ಒಂದು ಒಲೆಯ ಮೇಲಿದ್ದ ಹುಳಿಯ ಪಾತ್ರೆ ಇಳಿಸಿ ಹಂಡೆ ಏರಿಸಿದಳು. ಒಂಬತ್ತರ ಹೊತ್ತಿಗೆ ಮೂರನೆಯ ಹಂಡೆ ಹೊರಗೆ ಹೋಯಿತು. ಅದರ ಹಿಂದೆಯೇ ಗಂಡಿನ ಸೋದರಮಾವ ಟವೆಲ್ ಹೆಗಲ ಮೇಲೆ ಹಾಕಿಕೊಂಡು ಬಾಗಿಲಿಗೆ ಬಂದ. "ಇನ್ನೊಂದು ಹಂಡೆ ನೀರಿಗೇನು ಬರಗಾಲ? ಪೈಪ್ ಗ್ಯಾಸ್ ಅಲ್ವಾ ನಿಮ್ದು, ಮುಗಿಯೋದೇ ಇಲ್ವಂತೆ!"

ಬಂಗಾರಮ್ಮ ಬಾಯಿ ತೆರೆಯುವ ಮೊದಲೇ ಜಯಕುಮಾರ್ ಅಡ್ಡ ನಿಂತ.

"ಮುಗಿಯಲ್ಲ ಸ್ವಾಮಿ, ಆದ್ರೆ ಗಂಟೆಗೆ ಬರೋದು ಇಷ್ಟೇ. ನಿಮ್ಮ ಹಂಡೆ ಇಟ್ರೆ ಅನ್ನ ಕೆಳಗೆ ಕೂರತ್ತೆ. ಬನ್ನಿ, ನಮ್ಮ ಆಫೀಸಲ್ಲಿ ಒಂದು ಕೊಡ ಬಿಸಿನೀರು ಕರೆಂಟಲ್ಲಿ ಕಾಯ್ಸಿಕೊಡ್ತೀನಿ."

ಹನ್ನೆರಡು ಇಪ್ಪತ್ತಕ್ಕೆ ಕೊನೆಯ ಅನ್ನದ ಪಾತ್ರೆ ಇಳಿಯಿತು. ಹನ್ನೆರಡೂವರೆಗೆ ಭೈರಪ್ಪ ಬೀಗರ ಕೈ ಹಿಡಿದು ಎಲೆಯ ಮುಂದೆ ಕೂರಿಸಿದ. ಲಾಡು ಬಿಸಿಯಿಲ್ಲವೆಂದು ಒಬ್ಬಿಬ್ಬರು ಹೇಳಿದರು. ಹುಳಿಯನ್ನು ಮಾತ್ರ ಮೂರು ಮೂರು ಸಲ ಹಾಕಿಸಿಕೊಂಡರು.

ಎರಡನೆಯ ಪಂಕ್ತಿ ಕೂತಾಗ ಜಯಕುಮಾರ್ ಬಂದು ಅವಳ ಪಕ್ಕ ಸ್ಟೂಲ್ ಎಳೆದುಕೊಂಡ.

"ಬಂಗಾರಮ್ಮೋರೆ, ಹದಿನಾಲ್ಕನೇ ತಾರೀಕು ಇಲ್ಲೇ ಒಂದು ಉಪನಯನ ಇದೆ. ನಾನೂರು ಜನ. ಅಡುಗೆಯೋರು ಯಾರಾದ್ರೂ ಇದ್ರೆ ಹೇಳಿ ಅಂತ ನನ್ನನ್ನೇ ಕೇಳಿದಾರೆ. ಎಷ್ಟು ಗಂಟೆಗೆ ಊಟ ಅಂತ ಹೇಳ್ಲಿ?"

ಬಂಗಾರಮ್ಮ ಬೆಳಗಿನಿಂದ ಮೊದಲ ಬಾರಿಗೆ ಕೂತಳು. ಲೋಟದ ಮಜ್ಜಿಗೆ ಪೂರಾ ಕುಡಿದು ಮುಗಿಸಿದಳು.

"ಮೊದ್ಲು ಏನೇನು ಅಡುಗೆ ಹೇಳ್ರಿ" ಎಂದಳು. "ಗಂಟೆ ನಾನು ಹೇಳ್ತೀನಿ."