ಮುಂದಿನ ಸಾಲಿನವಳು

ಎರಡನೆಯ ಏಟಿಗೆ ಗುರಾಣಿ ಸೀಳಿತು. ಪರದೆ ಕೆಂಪಾಗಿ ಅದುರಿ ಮತ್ತೆ ಕತ್ತಲಾಯಿತು. ಆ ಕತ್ತಲಲ್ಲಿ ಮೃಗ ಎದುರಿಗೇ ನಿಂತಿತ್ತು. ಎಮ್ಮೆಯಷ್ಟು ಅಗಲದ ಎದೆ, ಕಣ್ಣಿಲ್ಲದ ತಲೆ, ಹಲ್ಲುಗಳ ಸಂದಿಯಲ್ಲಿ ಹಿಂದೆ ಬಂದು ಸತ್ತವರ ಮೂಳೆ.

"ಪೈಲ್ವಾನ್‌ಗೆ ಬಿತ್ತಾ?" ಎಂದ ಅಣ್ಣ.

"ಬಿತ್ತು. ಎಷ್ಟು ಬಿತ್ತೋ ಗೊತ್ತಾಗ್ತಿಲ್ಲ," ಎಂದ ತಮ್ಮ.

ಗೊತ್ತಾಗುವಂತಿರಲಿಲ್ಲ. ಪರದೆಯ ಕೆಳಗಡೆ ತಂಡದ ನಾಲ್ವರ ಮುಖಗಳಿದ್ದವು. ಏಟು ಬಿದ್ದಂತೆಲ್ಲ ಮುಖ ಬಾತು, ಒಡೆದು, ರಕ್ತಮಯವಾಗುತ್ತಿತ್ತು. ಯಾರಲ್ಲಿ ಎಷ್ಟು ಜೀವ ಉಳಿದಿದೆ ಎಂಬುದನ್ನು ಅದನ್ನು ನೋಡಿಯೇ ತಿಳಿಯಬೇಕು. ಪೈಲ್ವಾನಳ ಮುಖದ ಮೇಲೆ ತಮ್ಮ ಕಪ್ಪು ಟೇಪು ಅಂಟಿಸಿದ್ದ.

ಪೈಲ್ವಾನ್ ಅವರಿಬ್ಬರ ನಡುವೆ ಹುಟ್ಟಿದವಳು. ಚಿಕ್ಕಂದಿನಲ್ಲಿ ಬೀದಿಯ ಹುಡುಗರನ್ನು ಬಡಿದು ಆ ಹೆಸರು ಸಂಪಾದಿಸಿದ್ದಳು. ಆಟದ ತಂಡದಲ್ಲಿ ಮನೆಯವರನ್ನೆಲ್ಲ ಸೇರಿಸಿದವಳೂ ಅವಳೇ. ಮುಂದಿನ ಸಾಲಿನಲ್ಲಿ ಸುತ್ತಿಗೆ ಹಿಡಿದ ಪೈಲ್ವಾನ್. ಅವಳ ಪಕ್ಕ ಕತ್ತಿಯ ಮೇಷ್ಟ್ರು, ಅಂದರೆ ಸದಾ ಬುದ್ಧಿ ಹೇಳುವ ಅಣ್ಣ. ಹಿಂದಿನ ಸಾಲಿನಲ್ಲಿ ಬಿಲ್ಲು ಹಿಡಿದ ಕಡ್ಡಿ, ಅಂದರೆ ಸಣಕಲು ತಮ್ಮ. ಅವನ ಪಕ್ಕ ಗಾಯ ಮಾಯಿಸುವ ಅಮ್ಮ. ಒಡಹುಟ್ಟಿದ ಮೂವರೂ ಒಂದೇ ಮಂಚದ ಮೇಲೆ ಕುಳಿತು, ಬೈದಾಡುತ್ತ, ಗೋಡೆ ತಡವುತ್ತ, ಆಟದ ನೆಲಮಾಳಿಗೆಯನ್ನು ಇಳಿದಿದ್ದರು. ಅದು ದಯೆಯಿಲ್ಲದ ಆಟ. ಅಲ್ಲಿ ಸತ್ತವರನ್ನು ಆಟ ಅಳಿಸಿಬಿಡುತ್ತದೆ, ಮತ್ತೆ ಎಬ್ಬಿಸುವ ದಾರಿಯಿಲ್ಲ.

ಆಮೇಲೆ ಅವಳು ಕೆಲಸ ಮಾಡುತ್ತಿದ್ದ ವೆಲ್ಡಿಂಗ್ ಶೆಡ್ಡಿನಲ್ಲಿ ಸಿಲಿಂಡರು ಸಿಡಿಯಿತು. ಗುರುತು ಹಿಡಿಯಲು ಅಣ್ಣ ತಮ್ಮ ಹೋದರು. ಅಮ್ಮ ನೋಡಬಾರದೆಂದು ಹಟ ಹಿಡಿದು, ಪೆಟ್ಟಿಗೆಯ ಮುಚ್ಚಳ ತೆಗೆಯಗೊಡಲಿಲ್ಲ. ಆಟದಲ್ಲಾದರೂ ಅವಳನ್ನು ಜೀವಸಹಿತ ಹೊರಗೆ ಕರೆತರೋಣ ಎಂದು ಮತ್ತೆ ಕೂತಾಗ, ಮೊದಲ ಏಟಿಗೇ ಪರದೆಯ ಮೇಲಿನ ಮುಖ ಒಡೆಯಿತು. ತಮ್ಮ ಎದ್ದು ಹೋದ. ತಿರುಗಿ ಬಂದವನು ಟೇಪು ಅಂಟಿಸಿದ.

"ಅವಳನ್ನ ಹಿಂದಕ್ಕೆ ಕಳಿಸೋಣ. ಮುಂದೆ ನಾನು ಬರ್ತೀನಿ," ಎಂದ ಈಗ.

"ನೀನಾ? ನಿನ್ನನ್ನ ಅದು ಹಲ್ಲು ಚುಚ್ಚಿಕೊಳ್ಳೋಕೆ ಇಟ್ಕೊಳ್ಳುತ್ತೆ."

ತಮ್ಮ ನಗಲಿಲ್ಲ. ಅಮ್ಮ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲಿ ನಿಂತಿದ್ದಳು. ನೆಲದ ಮೇಲೆ ಇರುವೆ ಸಾಲು ಕಂಡರೆ ಸುತ್ತಿ ಹೋಗುವ ಹೆಂಗಸು. ಈ ಆಟದ ಚೀರಾಟ ಕೇಳಿದರೆ ದೇವರ ಹೆಸರು ಹೇಳಿ ಅಡುಗೆಮನೆಯ ಬಾಗಿಲು ಹಾಕಿಕೊಳ್ಳುತ್ತಿದ್ದಳು.

"ಯಾಕ್ರೋ, ಅದು ಸುಮ್ನೆ ನಿಂತಿದೆ?"

"ನಾವು ಗುಂಡಿ ಒತ್ತೋವರೆಗೂ ಅದೂ ಹೊಡೆಯಲ್ಲಮ್ಮ. ನೀನು ಒಳಗೆ ಹೋಗು."

"ಆ ಟೇಪು ಏನು?"

"ಪರದೆ ಕೆಟ್ಟಿದೆ," ಎಂದ ಅಣ್ಣ.

ಅಮ್ಮ ಬಗ್ಗಿ, ಟೇಪಿನ ಕೆಳಗಿದ್ದ ಹೆಸರನ್ನು ಓದಿದಳು. ಉಗುರಿನಿಂದ ಅದರ ತುದಿಯನ್ನು ಎಬ್ಬಿಸಿದಳು. ತಮ್ಮ ಅವಳ ಕೈ ಹಿಡಿದ.

"ಬಿಡೋ. ಅವತ್ತು ಇಬ್ಬರೂ ಸೇರಿ ಮುಚ್ಚಳ ಒತ್ತಿ ಹಿಡಿದ್ರಿ. ಆ ಮುಖಾನ ಮೊದಲು ತೊಳೆದವಳು ನಾನು ಕಣೋ."

ಅವನ ಬೆರಳು ಸಡಿಲವಾಯಿತು. ಟೇಪು ಕಿತ್ತು ಬಂತು. ಒಂದು ಕಣ್ಣು ಮುಚ್ಚಿಹೋಗಿತ್ತು. ದವಡೆ ಪಕ್ಕಕ್ಕೆ ಜಾರಿತ್ತು. ಕೂದಲಿನಿಂದ ಗಂಟಲವರೆಗೆ ರಕ್ತ. ಇನ್ನೊಂದು ಏಟಿಗೆ ಆ ಮುಖ ಇರುತ್ತಿರಲಿಲ್ಲ.

ಅಮ್ಮ ಬಹಳ ಹೊತ್ತು ನೋಡಿದಳು.

"ಹೀಗೇ ಇತ್ತಾ?"

ಅಣ್ಣ ಇಲ್ಲವೆನ್ನಲು ಬಾಯಿ ತೆರೆದ. ಪರದೆಯೊಳಗೆ ಮೃಗ ಉಸಿರೆಳೆದು ಬಿಡುತ್ತಿತ್ತು.

"ಇದಕ್ಕಿಂತ ಜಾಸ್ತಿ," ಎಂದ. "ಎಡಗಡೆ ಏನೂ ಉಳಿದಿರಲಿಲ್ಲಮ್ಮ."

ಅಮ್ಮ ತಲೆಯಾಡಿಸಿದಳು. ಮಂಚದ ಮೇಲೆ ಅವರಿಬ್ಬರೂ ನಡುವೆ ಬಿಟ್ಟಿದ್ದ ಜಾಗದಲ್ಲಿ ಕುಳಿತುಕೊಂಡಳು.

"ಹಿಂದೆ ನಿಂತಿರೋ ಈ ಮುದುಕಿ ಯಾರು?"

"ಅದು ನೀನೇ. ಗಾಯ ಮಾಯಿಸೋದು ನಿನ್ನ ಕೆಲಸ."

"ಮತ್ತೆ ಸುಮ್ನೆ ಯಾಕೆ ನಿಂತಿದ್ದೀನಿ?"

ತಮ್ಮ ಗುಂಡಿ ತೋರಿಸಿಕೊಟ್ಟ. ಪರದೆಯ ಮುದುಕಿ ಕೈಯೆತ್ತಿದಳು. ಪೈಲ್ವಾನಳ ಮುಚ್ಚಿದ್ದ ಕಣ್ಣು ತೆರೆಯಿತು.

"ಈಗಲಾದ್ರೂ ಹಿಂದಕ್ಕೆ ಕಳಿಸೋಣಮ್ಮ," ಎಂದ ತಮ್ಮ.

"ಅವಳು ಯಾವತ್ತು ಹಿಂದೆ ನಿಂತಿದ್ಲು? ಹೊಡೆಯೋ ಗುಂಡಿ ಯಾವುದು, ಅದನ್ನ ಹೇಳು."

ಮೃಗ ಮೇಲೆ ಬಿತ್ತು. ಮೇಷ್ಟ್ರ ಭುಜದ ಮಾಂಸ ಹರಿದು ಜೋತುಬಿತ್ತು. ಕಡ್ಡಿಯ ಬಾಣ ಅದರ ಗಂಟಲಿಗೆ ಹೊಕ್ಕು ಅಲ್ಲೇ ಮುರಿಯಿತು. ಅಮ್ಮ ಒತ್ತಿದಳು, ಸುತ್ತಿಗೆ ಮೃಗದ ಮಂಡಿಯ ಮೇಲೆ ಬಿದ್ದು ಮೂಳೆ ಹೊರಗೆ ಬಂತು. ಮೃಗ ಪೈಲ್ವಾನಳ ಕೈಯನ್ನು ಕಚ್ಚಿ ಒದರಿತು. ಅಮ್ಮನ ತುಟಿ ಬಿಳಿಚಿಕೊಂಡಿತು, ಬೆರಳು ನಿಲ್ಲಲಿಲ್ಲ. ಸುತ್ತಿಗೆ ಪಕ್ಕೆಲುಬಿಗೆ ಬಿತ್ತು. ದವಡೆಗೆ ಬಿತ್ತು. ಕಣ್ಣಿಲ್ಲದ ತಲೆ ಮಡಕೆಯಂತೆ ಒಡೆದು, ಒಳಗಿದ್ದುದೆಲ್ಲ ಗೋಡೆಗೆ ಸಿಡಿಯಿತು. ಮೃಗ ಕುಸಿದು ಮಲಗಿತು. ಅದರ ಹಿಂದೆ ಹೊರಗಿನ ಬಾಗಿಲು ತೆರೆದುಕೊಂಡಿತು.

"ಉಳಿದ್ಲು," ಎಂದ ತಮ್ಮ ಮೆಲ್ಲಗೆ. "ಉಳಿದ್ಲು ಅಮ್ಮ. ಇನ್ನು ನಡೆಸಿಕೊಂಡು ಹೋದ್ರಾಯ್ತು."

ಅಮ್ಮ ಮತ್ತೆ ಒತ್ತಿದಳು. ಸುತ್ತಿಗೆ ಸತ್ತ ಮೃಗದ ಬೆನ್ನಿಗೆ ಬಿತ್ತು.

"ಅದು ಸತ್ತಿದೆಯಮ್ಮ."

"ಇರು."

ಅಣ್ಣ ಅವಳ ಮಣಿಕಟ್ಟಿನತ್ತ ಕೈ ಚಾಚಿದ. ಮುಟ್ಟದೆ ಹಿಂದಕ್ಕೆ ತೆಗೆದುಕೊಂಡ. ಬಾಗಿಲಿನಿಂದ ಬಂದ ಬೆಳಕು ಒದ್ದೆ ಕಲ್ಲುಗಳ ಮೇಲೆ ಉದ್ದಕ್ಕೆ ಬಿದ್ದಿತ್ತು. ಅದರೊಳಗೆ ಸುತ್ತಿಗೆ ಏಳುತ್ತಿತ್ತು, ಇಳಿಯುತ್ತಿತ್ತು.