ಬೆರಳಿಗೆ ಗೆರೆ ಬರುವ ತನಕ

ಕಿಟಕಿಯ ಗಾಜಿನ ಮೇಲೆ ಐದು ಬೆರಳು ಮೂಡಿವೆ, ಕೈ ತೆಗೆದ ಮೇಲೂ ಅಲ್ಲೇ ಇವೆ, ಒಂದೊಂದರ ತುದಿಯಲ್ಲೂ ಸುತ್ತಿಕೊಂಡ ಸಣ್ಣ ಗೆರೆಗಳು, ಬೇಕಾದರೆ ಎಣಿಸಬಹುದು — ರಫೀ ಮುಖ ಹತ್ತಿರ ತಂದು ನೋಡುತ್ತಾನೆ, ಬಸ್ಸು ಗಂಗಾವತಿ ದಾಟಿ ಭತ್ತದ ಗದ್ದೆಗಳ ನಡುವೆ ಓಡುತ್ತಿದೆ, ಇವು ತನ್ನವೇ, ಮೂವತ್ತಮೂರನೇ ವಯಸ್ಸಿಗೆ ಹೊಸದಾಗಿ ಬಂದ ಬೆರಳು, ಸಂಜೆಗೆ ಹೈದರಾಬಾದು, ನಾಳೆ ಬೆಳಿಗ್ಗೆ ವಿಮಾನ, ನಾಳೆ ಮಧ್ಯಾಹ್ನ ಸೌದಿಯ ದಮ್ಮಾಮು, ಒಳಜೇಬಿನ ಪಾಸ್‌ಪೋರ್ಟು ಬಸ್ಸು ಕುಲುಕಿದಾಗಲೆಲ್ಲ ಎದೆಗೆ ಒತ್ತುತ್ತದೆ, ಇದೆ ಇದೆ ಎನ್ನುವಂತೆ. ಮೊದಲ ಸಲ ಇದೇ ದಾರಿಯಲ್ಲಿ ಹೋದಾಗ ಇಂಥದ್ದೊಂದು ತೊಂದರೆ ಇದೆಯೆಂದು ಯಾರಿಗೆ ಗೊತ್ತಿತ್ತು, ಹೈದರಾಬಾದಿನ ವೀಸಾ ಕಚೇರಿಯ ಹುಡುಗಿ ನಾಲ್ಕು ಬೆರಳು ಗಾಜಿನ ಮೇಲೆ ಇಡಿ ಅಂದಳು, ಇಟ್ಟ, ಕೆಂಪು ದೀಪ, ಒರೆಸಿ ಇಡಿ, ಕೆಂಪು, ಒತ್ತಿ ಇಡಿ, ಕೆಂಪು, ಅವಳು ಅವನ ಕೈ ತಿರುಗಿಸಿ ನೋಡಿ ಏನ್ ಕೆಲಸ ಮಾಡ್ತೀರಿ ಅಂತ ಹಿಂದಿಯಲ್ಲಿ ಕೇಳಿದಳು, ಗೌಂಡಿ ಕೆಲಸ, ಗೋಡೆ ಕಟ್ಟತೀನಿ, ಯಲಬುರ್ಗಾದಲ್ಲಿ ಹದಿನಾಲ್ಕು ವರ್ಷ, ಅವಳು ಕೈಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟಳು, ನಿಮ್ಮ ಬೆರಳಲ್ಲಿ ಏನೂ ಇಲ್ಲ ಭಾಯಿ. ಏನೂ ಇಲ್ಲ. ಹದಿನಾಲ್ಕು ವರ್ಷ ಸಿಮೆಂಟು ನೆಕ್ಕಿ ನೆಕ್ಕಿ ಬೆರಳು ನದಿಯ ಕಲ್ಲಿನಂತೆ ನುಣ್ಣಗಾಗಿದ್ದವು, ಗೌಂಡಿ ಕೆಲಸಕ್ಕೇ ಕರೆಯುತ್ತಾರೆ, ಆದರೆ ಗೌಂಡಿಯ ಬೆರಳು ಬೇಡ.

ಹೊರಗೆ ಗಂಗಾವತಿಯ ಏಜೆಂಟ್ ಅಸ್ಲಮ ಬೇವಿನ ಗಿಡದ ಕೆಳಗೆ ನಿಂತು ನಕ್ಕಿದ್ದ, ಅಂಜಬ್ಯಾಡೋ, ಗೌಂಡ್ಯಾರಿಗೆಲ್ಲಾ ಹಿಂಗ ಆಗತೈತಿ, ಎರಡೂವರೆ ತಿಂಗಳು ಟೈಮ್ ತಗೊಂಡೀನಿ, ಅಲ್ಲೀತನಕ ಸಿಮೆಂಟ್ ಮುಟ್ಟಬ್ಯಾಡ, ಸಬಕಾರ ಮುಟ್ಟಬ್ಯಾಡ, ಮಣ್ಣು ಮುಟ್ಟಬ್ಯಾಡ, ದಿನಾ ಕೊಬ್ಬರಿ ಎಣ್ಣಿ ಹಚ್ಚು, ಮದಲಗಿತ್ತಿ ಗತೆ ಕೈ ಇಟಗೋ, ಗೆರಿ ತಾವ ಬರ್ತಾವ. ಎರಡೂವರೆ ತಿಂಗಳು ಕೂತು ಉಣ್ಣುವುದು ಹೇಗೆ ಅಂತ ಅವನೂ ಕೇಳಲಿಲ್ಲ ಇವನೂ ಹೇಳಲಿಲ್ಲ, ಹೆಂಡತಿ ಗುಲ್ಶನಳ ಹೊಲಿಗೆ ಮಷೀನು ಅಸ್ಲಮನಿಗೆ ಕಟ್ಟುವ ವೀಸಾದ ಮೊದಲ ಕಂತಿಗೇ ಹೋಗಿತ್ತು, ಅದು ಹೋದ ದಿನ ಮಗಳು ಮೆಹಜಬೀನ ಮಷೀನು ಇದ್ದ ಜಾಗದಲ್ಲಿ ಕೂತು ಕಾಲು ಆಡಿಸುತ್ತ ಟಕಟಕಟಕ ಅನ್ನುತ್ತಿದ್ದಳು, ನಾಲ್ಕು ವರ್ಷದ ಹುಡುಗಿಗೆ ಏನು ತಿಳಿಯುತ್ತದೆ. ಯಮನೂರನ ಕೆಲಸಕ್ಕ ನೀ ಹೋಗಬೇಕು ಅಂದವನು ತಾನೇ, ಹೌದು ತಾನೇ, ಎರಡು ತಿಂಗಳ ಮಾತು ಗುಲ್ಶನ, ನಾ ಮುಟ್ಟೂಹಂಗಿಲ್ಲ, ಬುಟ್ಟಿ ಹೊರೂದು ಅಷ್ಟ, ಮ್ಯಾಸ್ತ್ರಿ ಯಮನೂರ ನಮ್ಮವನ ಅದಾನ, ಭಾರ ಹೊರಸೂದಿಲ್ಲ. ಅವಳು ಹೂಂ ಅಂದಳು. ಯಮನೂರ ಹೊರಿಸಿದ, ಎರಡನೇ ವಾರದಿಂದ ಬುಟ್ಟಿ ಹೊರುವುದಷ್ಟೇ ಅಲ್ಲ, ಸಿಮೆಂಟು ಕಲಸುವುದೂ ಅವಳೇ, ಸಲಿಕೆ ಸಾಲದಿದ್ದಾಗ ಕೈಯಲ್ಲೇ, ರವಿಕೆಯ ಗುಂಡಿಕಾಜ ಕಣ್ಣುಮುಚ್ಚಿ ಹೊಲಿಯುತ್ತಿದ್ದ ಕೈ.

ಸಂಜೆ ಕೆಲಸದಿಂದ ಬಂದು ಮೈ ತೊಳೆದು ಒಲೆ ಹಚ್ಚುವ ಮೊದಲು ಅವಳು ಎಣ್ಣೆಯ ಬಟ್ಟಲು ತಂದು ಅವನ ಮುಂದೆ ಕೂರುತ್ತಿದ್ದಳು, ಅವನು ಎರಡೂ ಕೈ ಚಾಚುತ್ತಿದ್ದ, ಮೊದಮೊದಲು ಚೆನ್ನಾಗಿತ್ತು, ಆಮೇಲೆ ಒಂದು ದಿನ ಅವನೇ ಅಂದ — ನಿನ್ನ ಕೈ ಚುಚ್ಚತಾವಲೇ, ಉಪ್ಪುಕಾಗದ ತಿಕ್ಕಿದಂಗ ಆಗತೈತಿ, ಇದ್ದ ಗೆರೀನೂ ಹೋದಾವು. ಅಂದದ್ದು ನಿಜವೇ ಅಲ್ಲವೇ, ಚುಚ್ಚುತ್ತಿದ್ದದ್ದು ನಿಜ, ಅವಳು ಕೈ ಮಗುಚಿ ಮಣಿಕಟ್ಟಿನ ಒಳಮೈಯಿಂದ, ಬಳೆ ಹಿಂದೆ ಸರಿಸಿ, ಅಲ್ಲಿ ಮಾತ್ರ ಇನ್ನೂ ಮೆತ್ತಗಿದ್ದ ಚರ್ಮದಿಂದ ಒಂದೊಂದೇ ಬೆರಳಿಗೆ ಎಣ್ಣೆ ತಿಕ್ಕಿದಳು, ಅಂದಿನಿಂದ ದಿನವೂ ಹಾಗೆಯೇ. ರಂಜಾನ್ ಹಬ್ಬದ ದಿನ ಮದುವೆಯ ರೇಷ್ಮೆ ಸೀರೆ ತೆಗೆದಳು, ಮಡಿಕೆ ಬಿಚ್ಚುವಾಗ ಎಳೆ ಬೆರಳಿಗೆ ಸಿಕ್ಕು ಜಗ್ಗಿತು, ಇನ್ನೊಂದು ಕೈಯಿಂದ ಬಿಡಿಸಲು ಹೋದರೆ ಅದಕ್ಕೂ ಸಿಕ್ಕಿತು, ಹಾಗೇ ಮಡಚಿ ಟ್ರಂಕಿಗೆ ಇಟ್ಟು ಹಳೆಯದನ್ನೇ ಉಟ್ಟಳು, ಅವನು ನೋಡಿದ, ನೋಡಿ ತನ್ನ ಹೆಬ್ಬೆರಳನ್ನು ಬೆಳಕಿಗೆ ಹಿಡಿದ, ಅದರ ನಡುವೆ ಒಂದು ಸುಳಿ ಏಳುತ್ತಿತ್ತು, ಖುಷಿಯಾಯಿತು, ಆಗಬಾರದಿತ್ತೇ.

ಹಬ್ಬ ಆಗಿ ಹತ್ತು ದಿನಕ್ಕೆ ಅಪ್ಪ ಬಡೇಸಾಬ ತೀರಿಕೊಂಡ, ಕೆಮ್ಮುತ್ತ ಕೆಮ್ಮುತ್ತ ಸುಮ್ಮನಾದ, ಗೋರಿಗೆ ಮೂರು ಹಿಡಿ ಮಣ್ಣು ಹಾಕುವಾಗ ಯಲಬುರ್ಗಾದ ಕರಿ ಮಣ್ಣು ಒಣಗಿ ಹೆಂಟೆ ಹೆಂಟೆಯಾಗಿತ್ತು, ಅಂಚು ಗಾಜಿನ ಚೂರಿನಂತೆ, ಅಸ್ಲಮನ ಮಾತು ಕಿವಿಯಲ್ಲಿ, ರಫೀ ಜೇಬಿನಿಂದ ಕರವಸ್ತ್ರ ತೆಗೆದು ಕೈಗೆ ಸುತ್ತಿ ಮಣ್ಣು ಎತ್ತಿ ಹಾಕಿದ, ಮೂರು ಸಲ. ಕಾಕಾ ಶಫೀಸಾಬ ಪಕ್ಕದಲ್ಲೇ ಇದ್ದ, ಅಪ್ಪನ ಮಣ್ಣು ಮೈಲಿಗಿ ಆತೇನೋ ರಫೀ, ಅಂದದ್ದು ಮೆತ್ತಗೆ, ಆದರೆ ನಿಂತವರೆಲ್ಲ ಕೇಳಿದರು. ಕಾಕಾಗೆ ಏನು ಹೇಳುವುದು, ಇದು ಅಪ್ಪನ ಮಾತಲ್ಲ, ಬೆರಳಿನ ಮಾತು, ಹನ್ನೊಂದು ದಿನ ಉಳಿದಿವೆ ಕಾಕಾ, ಅಪ್ಪನೇ ಇದ್ದಿದ್ದರೆ ಕರವಸ್ತ್ರ ಸುತ್ತಿಕೋ ಅನ್ನುತ್ತಿದ್ದ — ಅನ್ನುತ್ತಿದ್ದನೇ? — ಅನ್ನುತ್ತಿದ್ದ. ಹನ್ನೊಂದನೇ ದಿನ ಹೈದರಾಬಾದಿನಲ್ಲಿ ನಾಲ್ಕು ಬೆರಳು ಹಸಿರು, ಈ ಕಡೆಯ ನಾಲ್ಕು ಹಸಿರು, ಎರಡು ಹೆಬ್ಬೆರಳು ಹಸಿರು, ಅದೇ ಹುಡುಗಿ, ಅವಳಿಗೆ ಅವನ ನೆನಪಿರಲಿಲ್ಲ, ಮುಂದಿನವರು ಬನ್ನಿ ಅಂದಳು. ದಮ್ಮಾಮಿನಲ್ಲಿಯೂ ಸಿಮೆಂಟೇ, ತಿಂಗಳೊಪ್ಪತ್ತಿನಲ್ಲಿ ಇವೆಲ್ಲ ಮತ್ತೆ ಅಳಿಸಿ ಹೋಗುತ್ತವೆ, ಹೋಗಲಿ, ಆಗ ಯಾರು ಕೇಳುತ್ತಾರೆ, ಒಳಗೆ ಕಾಲಿಟ್ಟಿರುತ್ತೇನೆ.

ಬಸ್ಸು ಎಲ್ಲಿಯೋ ನಿಂತಿದೆ, ಶೇಂಗಾ ಮಾರುವವಳು ಕಿಟಕಿಗೆ ಬಂದು ಹೋದಳು, ಬೇಡ, ನಿನ್ನೆಯ ಮಾತೂ ಬೇಡ, ಮುಂದಿನದು ಯೋಚಿಸಬೇಕು, ಕಂಪನಿ ಮೊದಲ ಮೂರು ತಿಂಗಳ ಪಗಾರ ಹಿಡಿದಿಟ್ಟುಕೊಳ್ಳುತ್ತದೆ ಅಂತ ಅಸ್ಲಮ ಟಿಕೆಟ್ ಕೈಗೆ ಕೊಡುವಾಗ ಹೇಳಿದ, ಅದಕ್ಕೂ ಮೊದಲು ಹೇಳಲಿಲ್ಲ, ಮೂರು ತಿಂಗಳು ಏನು ಮಹಾ, ಯಮನೂರನ ಕೂಲಿ ಇದೆ, ರೇಷನ್ ಅಕ್ಕಿ ಇದೆ, ರೇಷನ್ — ನಿನ್ನೆ ಬೆಳಿಗ್ಗೆ ರೇಷನ್ ಅಂಗಡಿಯ ಸಾಲಿನಲ್ಲಿ ಗುಲ್ಶನ ಮುಂದೆ, ಅವನು ಹಿಂದೆ, ಅಂಗಡಿಯ ಪ್ರಭುರಾಜ ಮಷೀನು ಮುಂದೆ ಸರಿಸಿ ಹೆಬ್ಬಟ್ಟ ಇಡವಾ ತಂಗಿ ಅಂದ, ಇಟ್ಟಳು, ಕೆಂಪು. ಇನ್ನೊಮ್ಮಿ ಇಡು. ಕೆಂಪು. ಪ್ರಭುರಾಜ ಅವಳ ಬೆರಳು ನೋಡಿದ, ಅಲ್ಲಿ ಏನೂ ಇರಲಿಲ್ಲ, ಈ ಬೆರಳಿಗೆ ಬರೂದಿಲ್ಲವಾ, ಮನ್ಯಾಗ ಬ್ಯಾರೇದವರದ್ದು ಇಡಸು, ಮಗಳದಿನ್ನೂ ತಗೊಂಡಿಲ್ಲ, ನಿನ್ನ ಗಂಡ ಇಲ್ಲೇ ಅದಾನಲ್ಲ. ರಫೀ ಇಟ್ಟ, ಒಂದೇ ಸಲಕ್ಕೆ ಹಸಿರು, ಸಾಲಿನಲ್ಲಿದ್ದವರ ಕಡೆ ತಿರುಗಿ ಅವನೇ ಅಂದ, ಅಕೀದು ಸಿಮೆಂಟ್ ತಿಂದ ಬೆರಳ್ರಿ, ನಂದು ನೋಡ್ರಿ, ಫಾರಿನ್ನಿಗೆ ಪಾಸಾದ ಬೆರಳು. ಜನ ನಕ್ಕರು. ಗುಲ್ಶನಳೂ ನಕ್ಕಳು, ನಗುತ್ತಲೇ ಅಕ್ಕಿಯ ಚೀಲ ತಲೆಗೆತ್ತಿಕೊಂಡಳು, ದಮ್ಮಾಮಿನಲ್ಲಿ ಇಳಿದಾಗ ಇನ್ನೊಮ್ಮೆ ಬೆರಳು ನೋಡುತ್ತಾರಂತೆ, ಅಲ್ಲಿಯ ತನಕ ಅವನು ಭಾರ ಎತ್ತುವ ಹಾಗಿಲ್ಲ. ದಾರಿಯಲ್ಲಿ ಚೀಲದ ಕೆಳಗಿನಿಂದ ಕೇಳಿದಳು, ಮುಂದಿನ ತಿಂಗಳ ಯಾರ ಹೆಬ್ಬಟ್ಟ ಇಡ್ಲಿರಿ? ಫೋನಿಗೆ ಓಟಿಪಿ ನಂಬರ್ ಬರತೈತಲ್ಲ, ಅದರ ಮ್ಯಾಲ ತಗೋ, ಅಂದ. ಆ ನಂಬರ್ ನಿಮ್ಮ ಫೋನಿಗೆ ಬರೂದ್ರಿ. ಹಂಗಾರ ಕೆಲಸ ಬಿಡು, ಎಣ್ಣಿ ಹಚ್ಚಿಗೋ, ನಂಗ ಬರಲಿಲ್ಲೇನು ಎರಡೂವರೆ ತಿಂಗಳದಾಗ. ಅವಳು ತಲೆಯ ಮೇಲಿನ ಚೀಲ ಸರಿಮಾಡಿಕೊಂಡಳು. ನಿಮಗ ಬರೂತನಕ ನಾ ದುಡದಿದ್ನಿರಿ, ಅಂದಳು, ಜಗಳದ ದನಿಯಲ್ಲ, ನೀರು ಬಂದಿಲ್ಲ ಅನ್ನುವಷ್ಟೇ ದನಿ, ಅವನು ಬೇಗ ಬೇಗ ಹೆಜ್ಜೆ ಹಾಕಿ ಮುಂದೆ ಹೋಗಿಬಿಟ್ಟ, ಈಗಲೂ ಬಸ್ಸು ಹೊರಟರೆ ಸಾಕು, ಯಾಕೆ ಹೊರಡುತ್ತಿಲ್ಲ, ಮುಂದಿನ ತಿಂಗಳ ಸಾಲು, ಪ್ರಭುರಾಜ, ಮಷೀನು, ಅವಳು ಸೆರಗಿಗೆ ಹೆಬ್ಬೆರಳು ಒರೆಸಿಕೊಂಡು ಇಡುತ್ತಾಳೆ, ಹಿಂದೆ ಯಾರೂ ಇಲ್ಲ, ಇನ್ನೊಮ್ಮಿ ಇಡವಾ ತಂಗಿ, ಸೆರಗಿಗೆ ಒರೆಸಿ ಇಡುತ್ತಾಳೆ, ಕೆಂಪು, ಒರೆಸಿ ಇಡುತ್ತಾಳೆ, ಒರೆಸುತ್ತಾಳೆ