ಮುನ್ನೂರ ಒಂದನೆಯವಳ ಬಟ್ಟಲು

ವಿದ್ಯಾರ್ಥಿನಿಲಯದ ಅಡುಗೆಯವನಿಗೆ ಹೆತ್ತವರು ಇಟ್ಟ ಹೆಸರು ಏನಿತ್ತೋ, ಈಗ ಯಾರಿಗೂ ನೆನಪಿಲ್ಲ. "ಇನ್ನೊಂದು ಸೌಟು ಹಾಕ್ಲಾ?" ಎಂದು ಕೇಳಿ ಕೇಳಿಯೇ ಅವನು ಸೌಟಪ್ಪನಾಗಿಬಿಟ್ಟ. ಮುನ್ನೂರು ಹುಡುಗರಿಗೆ ಹೊತ್ತುಹೊತ್ತಿಗೆ ಬೇಯಿಸಿ ಹಾಕುವ ಕೈ ಅದು. ಉಪ್ಪನ್ನು ಅಳೆಯುವುದು ಹಿಡಿಯಲ್ಲಿ, ಎಣ್ಣೆಯನ್ನು ಅಳೆಯುವುದು ಚೊಂಬಿನಲ್ಲಿ. ಚಮಚ ಎನ್ನುವುದು ತಿನ್ನುವವರ ಸಾಮಾನು, ಮಾಡುವವರದ್ದಲ್ಲ ಎಂದು ಅವನು ನಂಬಿದ್ದ.

ಅವನಿಗೆ ಇದ್ದವಳು ಒಬ್ಬಳೇ ಮಗಳು, ಪುಟ್ಟಿ. ಎತ್ತರದ ಕಟ್ಟಡಗಳಲ್ಲಿ ಲಿಫ್ಟು ರಿಪೇರಿ ಮಾಡುವ ಕೆಲಸ ಅವಳದ್ದು. ಊರಿನ ಇನ್ನೊಂದು ತುದಿಯಲ್ಲಿ ಬಾಡಿಗೆ ಕೋಣೆ, ಭಾನುವಾರ ಅಪ್ಪನ ಮನೆ. ಚಿಕ್ಕಂದಿನಲ್ಲೇ ತಾಯಿಯನ್ನು ಕಳೆದುಕೊಂಡವಳು ಬೆಳೆದದ್ದು ಅಪ್ಪ ಸಂಜೆ ಹಿಡಿದು ತರುತ್ತಿದ್ದ ಕ್ಯಾರಿಯರಿನ ಊಟದಲ್ಲಿ. ರುಚಿಗೇನೂ ಕೊರತೆ ಇರಲಿಲ್ಲ. ಆದರೆ ಹುಡುಗರು ಬಡಿಸಿಕೊಂಡು ಉಳಿದದ್ದು ಅದು, ತಳದ್ದು, ಆರಿದ್ದು. ಹುಡುಗರಿಗೆ ಹಸಿವು ಜಾಸ್ತಿಯಾದ ದಿನ ಕ್ಯಾರಿಯರು ಹಗುರ.

ಎರಡು ತಿಂಗಳ ಹಿಂದೆ ಅವಳ ಹುಟ್ಟಿದ ದಿನ ಬಂತು. ಸೌಟಪ್ಪ ಹೆಮ್ಮೆಯಿಂದ ಕ್ಯಾರಿಯರು ತಂದು ಮುಂದಿಟ್ಟ. ಅವಳು ಮುಚ್ಚಳವನ್ನೂ ತೆಗೆಯಲಿಲ್ಲ.

"ನಿನಗೆ ಮುನ್ನೂರು ಮಕ್ಕಳಪ್ಪ. ನಾನು ಮುನ್ನೂರ ಒಂದನೆಯವಳು. ಮಿಕ್ಕಿದ್ರೆ ನಂಗೆ, ಮಿಗದಿದ್ರೆ ಇಲ್ಲ. ನಂಗೇ ಅಂತ ಒಂದು ದಿನ ಒಲೆ ಹಚ್ಚಿದ್ದೀಯಾ ನೀನು?"

ಸೌಟಪ್ಪ ಕ್ಯಾರಿಯರನ್ನು ಎತ್ತಿ ಒಳಗಿಟ್ಟ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂದು ಅವಳು ಅನ್ನಲಿಲ್ಲ. ಅನ್ನದಿದ್ದರೂ ಅವನಿಗೆ ಕೇಳಿಸಿತು. ಆಮೇಲಿನ ಭಾನುವಾರಗಳಲ್ಲಿ ಅವಳು ಬರುತ್ತಿದ್ದಳು, ಕೂರುತ್ತಿದ್ದಳು, ಮಾತಾಡುತ್ತಿದ್ದಳು. ಆದರೆ ಏನು ಕೊಟ್ಟರೂ "ಹೊಟ್ಟೆ ತುಂಬಿದೆಯಪ್ಪ" ಎಂದು ಎದ್ದುಬಿಡುತ್ತಿದ್ದಳು. ಮುನ್ನೂರು ಜನ ತಟ್ಟೆ ನೆಕ್ಕಿಟ್ಟು ಹೋಗುವಾಗ ಹೆತ್ತ ಮಗಳು ತನ್ನ ಕೈಯ ತುತ್ತು ಮುಟ್ಟುವುದಿಲ್ಲ ಎಂದರೆ ಅಡುಗೆಯವನಿಗೆ ಅದಕ್ಕಿಂತ ದೊಡ್ಡ ಏಟು ಬೇರೆ ಇಲ್ಲ. ಸೌಟಪ್ಪ ಹಠಕ್ಕೆ ಬಿದ್ದ. ಅವಳು ತಿನ್ನಬೇಕು, ತನ್ನ ಎದುರಿಗೆ ಕೂತು ತಿನ್ನಬೇಕು.

ಯಾವತ್ತೋ ಅವಳು ಹೇಳಿದ್ದು ನೆನಪಾಯಿತು. ಕಚೇರಿಯವರೆಲ್ಲ ಹೋಟೆಲಿಗೆ ಹೋಗಿದ್ದಾಗ ಟಿರಾಮಿಸು ಎಂಬ ತಣ್ಣನೆಯ ಸಿಹಿ ಕೊಟ್ಟಿದ್ದರಂತೆ. "ಒಬ್ಬೊಬ್ಬರಿಗೆ ಒಂದೊಂದು ಬಟ್ಟಲು ಅಪ್ಪಾ, ನಮ್ಮ ಮುಂದೇ ತಂದಿಟ್ರು!" ಎಂದಿದ್ದಳು. ರುಚಿಗಿಂತ ಆ ಬಟ್ಟಲಿನ ಮಾತೇ ಹೆಚ್ಚಾಗಿತ್ತು. ಆಗ ಅವನಿಗೆ ಅದು ತಲೆಗೆ ಹೋಗಿರಲಿಲ್ಲ.

ಫೋನಿನಲ್ಲಿ ನೋಡಿ ಬೇಕಾದದ್ದನ್ನೆಲ್ಲ ತಂದ: ಬೆರಳಿನಷ್ಟುದ್ದದ ಬಿಸ್ಕತ್ತು, ಬೆಣ್ಣೆಯಂಥ ಒಂದು ಚೀಸು, ಕ್ರೀಮು, ಮೊಟ್ಟೆ, ಕಾಫಿ, ಕೋಕೋ ಪುಡಿ. ಮೊದಲ ಸಲ ಕೈ ತನ್ನ ಪಾಡಿಗೆ ತಾನು ಓಡಿತು. ಸಕ್ಕರೆ ಹಿಡಿಯಲ್ಲಿ ಬಿತ್ತು. ಅದಕ್ಕೆ ಸರಿತೂಗಲು ಇನ್ನಷ್ಟು ಕ್ರೀಮು, ಕ್ರೀಮಿಗೆ ಸರಿತೂಗಲು ಇನ್ನಷ್ಟು ಮೊಟ್ಟೆ. ಬಿಸ್ಕತ್ತುಗಳನ್ನು ಬೇಳೆ ನೆನೆಹಾಕಿದ ಹಾಗೆ ಡಿಕಾಕ್ಷನ್ನಿಗೆ ಹಾಕಿಟ್ಟ. ಬಂದು ನೋಡಿದರೆ ಬಿಸ್ಕತ್ತು ಹೋಗಿ ಗಂಜಿಯಾಗಿತ್ತು. ಎಲ್ಲ ಮುಗಿದಾಗ ಬಟ್ಟೆ ನೆನೆಸುವ ಬೇಸಿನ್ನಿನಷ್ಟು ದೊಡ್ಡ ಪಾತ್ರೆ ತುಂಬಿ ಕೂತಿತ್ತು.

ಪಕ್ಕದ ಮನೆಯ ದರ್ಜಿ ಮೂಗು ಅರಳಿಸಿಕೊಂಡು ಬಂದ. ಈ ದರ್ಜಿಗೆ ಸೂಜಿಯ ಕಣ್ಣು ಕಾಣುವುದಿಲ್ಲ, ಸೌಟಪ್ಪನ ಒಲೆ ಮಾತ್ರ ಎರಡು ಗೋಡೆ ದಾಟಿ ಕಾಣುತ್ತದೆ.

"ಏನ್ರೀ ಸೌಟಪ್ಪ, ಯಾರ ಮನೆ ಮದುವೆ?"

"ಮದುವೆ ಅಲ್ರೀ. ಇಬ್ಬರಿಗೆ ಅಂತ ಮಾಡಿದ್ದು."

"ಇಬ್ಬರಿಗಾ? ಯಾರ್ರೀ ಆ ಇಬ್ಬರು, ಆನೆ ಗಂಡ ಹೆಂಡ್ತೀನಾ?"

ಬೀದಿಗೆ ಬೀದಿಯೇ ಬಟ್ಟಲು ಹಿಡಿದು ಬಂತು. ದರ್ಜಿ ಮೂರು ಸಲ ಹಾಕಿಸಿಕೊಂಡು, ಹೆಸರು ನಾಲಿಗೆಗೆ ಹತ್ತದೆ ಅದಕ್ಕೆ 'ತಿರುಗಾಮುರುಗಾ' ಎಂದು ನಾಮಕರಣವನ್ನೂ ಮಾಡಿದ. ಎಲ್ಲರೂ ಹೊಗಳಿದರು. ಸೌಟಪ್ಪನಿಗೆ ಮಾತ್ರ ಅಳು ಬರುವಂತಾಯಿತು. ಪುಟ್ಟಿಗೆಂದು ತಳದಲ್ಲಿ ಸ್ವಲ್ಪ ತೆಗೆದಿಡಲು ಹೋದವನು ಸೌಟು ಹಿಡಿದೇ ನಿಂತುಬಿಟ್ಟ. ಮತ್ತೆ ಅದೇ ಆಯಿತಲ್ಲ, ಮಿಕ್ಕಿದ್ದು! ಪಾತ್ರೆಯನ್ನು ಬಳಿದು ದರ್ಜಿಯ ಬಟ್ಟಲಿಗೇ ಸುರಿದು ತೊಳೆದಿಟ್ಟ.

ಮರುದಿನ ಅವನು ತನ್ನ ಕೈಯ ಜೊತೆಗೇ ಜಗಳಕ್ಕೆ ನಿಂತ. ಒಂದೇ ಮೊಟ್ಟೆ, ಅದರ ಹಳದಿ ಮಾತ್ರ. ಮನೆಯಲ್ಲಿದ್ದುದರಲ್ಲೇ ಚಿಕ್ಕ ಪಾತ್ರೆಗೆ ಅದನ್ನು ಹಾಕಿದರೆ ಎಲ್ಲೋ ಮೂಲೆಗೆ ಹೋಗಿ ಅಂಟಿಕೊಂಡಿತು, ಕಡೆಗೋಲಿಗೆ ಸಿಗಲೇ ಇಲ್ಲ. ಒಲೆಯ ಮೇಲಿಟ್ಟರೆ ಕಣ್ಣು ಮಿಟುಕಿಸುವುದರಲ್ಲಿ ಗಟ್ಟಿಯಾಗಿ ಕೂತಿತು. ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ ಎಂದರೆ ಇದೇ. ಮುನ್ನೂರು ಜನಕ್ಕೆ ಮಾಡುವಾಗ ಒಂದು ಹಿಡಿ ಹೆಚ್ಚುಕಮ್ಮಿಯಾದರೆ ಯಾರಿಗೂ ತಿಳಿಯುವುದಿಲ್ಲ, ತಪ್ಪು ಎಲ್ಲರಿಗೂ ಹಂಚಿಹೋಗುತ್ತದೆ. ಇಬ್ಬರಿಗೆ ಮಾಡುವಾಗ ಒಂದು ಚಿಟಿಕೆಯೂ ಲೆಕ್ಕಕ್ಕೆ ಬರುತ್ತದೆ. ಇಷ್ಟು ವರ್ಷ ದೊಡ್ಡ ಹಂಡೆಯ ಹಿಂದೆ ತಾನು ಆರಾಮಾಗಿ ಅಡಗಿಕೊಂಡಿದ್ದೆನಲ್ಲ ಎಂದು ಅವನಿಗೆ ಅನ್ನಿಸಿತು. ಆ ಯೋಚನೆ ಹಿಡಿಸಲಿಲ್ಲ, ಆದರೆ ಬಿಟ್ಟೂ ಹೋಗಲಿಲ್ಲ.

ಬೆಳಿಗ್ಗೆ ಮುನ್ನೂರು ಜನರ ಅಡುಗೆ, ಮಧ್ಯಾಹ್ನ ಮನೆಗೆ ಬಂದು ಒಂದು ಮೊಟ್ಟೆ. ವಾರವೆಲ್ಲ ಇದೇ ನಡೆಯಿತು. ಕೆಟ್ಟದ್ದನ್ನು ಯಾರಿಗೂ ಕೊಡದೆ ತಾನೇ ತಿಂದ, ತಿಂದು ತಿಂದು ನಾಲಿಗೆ ಜಡ್ಡುಗಟ್ಟಿತು. ಕೊನೆಗೆ ಪಾತ್ರೆಯ ಸಹವಾಸವೇ ಬೇಡವೆಂದು ನೀರು ಕುಡಿಯುವ ಲೋಟ ತೆಗೆದುಕೊಂಡ. ಲೋಟದಲ್ಲಿ ಹಳದಿ ಮತ್ತು ಸಕ್ಕರೆ, ಕೆಳಗೆ ಕುದಿಯುವ ನೀರಿನ ಹಬೆ, ಕೈಯಲ್ಲಿ ಫೋರ್ಕು. ದಪ್ಪ ಬೆರಳುಗಳು ಮೊದಮೊದಲು ಫೋರ್ಕನ್ನು ಗುದ್ದಲಿಯಂತೆ ಹಿಡಿದವು, ಆಮೇಲೆ ಹದಕ್ಕೆ ಬಂದವು. ಹಳದಿ ನಿಧಾನವಾಗಿ ಬಿಳಿಚಿತು, ಉಬ್ಬಿತು, ಮೇಲಕ್ಕೆತ್ತಿದರೆ ಪಟ್ಟಿಯಂತೆ ಇಳಿಯಿತು.

ಅದಕ್ಕೆ ಕೆಲವೇ ಚಮಚ ಚೀಸು, ನೊರೆ ಬರಿಸಿದ ಕ್ರೀಮು. ಬಿಸ್ಕತ್ತನ್ನು ಈ ಸಲ ನೆನೆಸಲಿಲ್ಲ. ಬಿಸಿ ಬಾಣಲೆ ಮುಟ್ಟಿದವನು ಕೈ ಎಳೆದುಕೊಳ್ಳುವ ಹಾಗೆ ಡಿಕಾಕ್ಷನ್ನಿಗೆ ಅದ್ದಿ ಥಟ್ಟನೆ ತೆಗೆದ. ಎರಡು ಗಾಜಿನ ಬಟ್ಟಲು, ಒಂದು ಪದರ ಬಿಸ್ಕತ್ತು, ಒಂದು ಪದರ ಕ್ರೀಮು, ಮತ್ತೆ ಅದೇ ಕ್ರಮ. ಮೇಲೆ ಟೀ ಸೋಸುವ ಜಾಲರಿಯಿಂದ ಕೋಕೋ ಪುಡಿ ಉದುರಿಸಿದ. ಎರಡೂ ಬಟ್ಟಲು ತುಂಬಿದಾಗ ಲೋಟದಲ್ಲಿ ಬೆರಳಲ್ಲಿ ಬಳಿಯುವಷ್ಟೂ ಉಳಿದಿರಲಿಲ್ಲ. ಸೌಟಪ್ಪ ಆ ಲೋಟವನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿದ. ಏನೂ ಮಿಗದಿದ್ದಕ್ಕೆ ಅಡುಗೆಯವನೊಬ್ಬ ಅಷ್ಟು ಹಿಗ್ಗಿದ್ದು ಅದೇ ಮೊದಲಿರಬೇಕು. ಅದು ಶನಿವಾರ ಸಂಜೆ. ಬಟ್ಟಲುಗಳು ಫ್ರಿಜ್ಜಿನಲ್ಲಿ ತಣ್ಣಗೆ ಕೂತವು.

ಭಾನುವಾರ ಮಧ್ಯಾಹ್ನ ಪುಟ್ಟಿ ಬಂದಳು. ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸು ಇತ್ತು. ಸೌಟಪ್ಪ ಎರಡು ಬಟ್ಟಲು ತಂದು ಮೇಜಿನ ಮೇಲಿಟ್ಟ.

"ಹೊಟ್ಟೆ ತುಂ..." ಎಂದವಳು ಬಟ್ಟಲು ನೋಡಿ ನಿಲ್ಲಿಸಿದಳು. "ಇದೇನು, ಟಿರಾಮಿಸುನಾ? ಹಾಸ್ಟೆಲ್ಲಲ್ಲಿ ಮಾಡಿದ್ರಾ?"

"ಇಲ್ಲ. ಇಲ್ಲೇ."

ಅವಳು ನಂಬಲಿಲ್ಲ. ಎದ್ದು ಹೋಗಿ ಫ್ರಿಜ್ಜು ತೆರೆದಳು. ಹಾಲು, ಎರಡು ನಿಂಬೆಹಣ್ಣು. ಅಡುಗೆಮನೆಗೆ ಹೋಗಿ ಮುಚ್ಚಳಗಳನ್ನೆಲ್ಲ ಎತ್ತಿ ನೋಡಿದಳು. ಲಿಫ್ಟು ಎಲ್ಲಿ ಸಿಕ್ಕಿಕೊಂಡಿದೆ ಎಂದು ಹುಡುಕುವ ಮುಖವೇ ಅದು.

"ಉಳಿದಿದ್ದು ಎಲ್ಲಪ್ಪ? ದೊಡ್ಡ ಪಾತ್ರೆ ಎಲ್ಲಿ?"

"ಪಾತ್ರೆ ಇಲ್ಲ ಮಗಳೇ. ಲೋಟದಲ್ಲಿ ಮಾಡಿದ್ದು. ಇಷ್ಟೇ ಇರೋದು."

ಅವಳು ಬಂದು ಕೂತಳು. ಚಮಚ ಕೈಗೆತ್ತಿಕೊಂಡಳು, ಆದರೆ ಬಾಯಿಗಿಡಲಿಲ್ಲ. ಅಷ್ಟರಲ್ಲಿ ಬಾಗಿಲು ಬಡಿದ ಸದ್ದಾಯಿತು. ಸೌಟಪ್ಪ ಎದ್ದು ಹೋಗಿ ತೆರೆದ. ತಾನೊಂದು ಬಗೆದರೆ ದೈವವೊಂದು ಬಗೆಯಿತು ಎನ್ನುತ್ತಾರಲ್ಲ, ಆ ದೈವ ಇವತ್ತು ದರ್ಜಿಯ ವೇಷದಲ್ಲಿ ಬಂದಿತ್ತು, ಕೈಯಲ್ಲಿ ಖಾಲಿ ಬಟ್ಟಲು ಹಿಡಿದು.

"ಗಾಜಿನ ಬಟ್ಟಲು ಟಣ್ ಅಂತು, ನಂಗೆ ಗೊತ್ತಾಗೋಯ್ತು! ತಿರುಗಾಮುರುಗಾ ತಾನೆ? ಹಾಕ್ರೀ ಸೌಟಪ್ಪ, ಒಂದೇ ಒಂದು ಸೌಟು."

ಸೌಟಪ್ಪನ ಬಲಗೈ ತನ್ನಷ್ಟಕ್ಕೆ ತಾನೇ ದರ್ಜಿಯ ಬಟ್ಟಲಿನ ಕಡೆ ಚಾಚಿತು. ಬಡಿಸುವ ಕೈಗೆ ಇಲ್ಲ ಎನ್ನುವುದು ಗೊತ್ತಿಲ್ಲ. ತನ್ನ ಪಾಲಿನದನ್ನು ಕೊಟ್ಟುಬಿಟ್ಟರಾಯಿತು, ಪುಟ್ಟಿಯದು ಪುಟ್ಟಿಗಿರುತ್ತದೆ ಎಂಬ ಉಪಾಯವೂ ಹೊಳೆಯಿತು. ತಿರುಗಿ ನೋಡಿದ. ಅವಳು ಚಮಚವನ್ನು ಮೇಜಿನ ಮೇಲೆ ಇಡುತ್ತಿದ್ದಳು. ಮುಖದಲ್ಲಿ ಸಿಟ್ಟಿರಲಿಲ್ಲ. ಹೀಗೇ ಆಗುತ್ತದೆ ಎಂದು ಮೊದಲೇ ಗೊತ್ತಿದ್ದವರ ಸುಸ್ತು ಅಲ್ಲಿತ್ತು.

"ಇವತ್ತು ಇಲ್ಲ ಕಣ್ರೀ," ಎಂದ ಸೌಟಪ್ಪ. ದನಿ ಜೋರಾಗಿಯೇ ಇತ್ತು. "ಇದು ನನ್ನ ಮಗಳಿಗೆ ಅಂತ ಮಾಡಿದ್ದು. ಅವಳು ತಿಂತಾಳೆ, ಅವಳ ಜೊತೆ ನಾನು ತಿಂತೀನಿ. ಮೂರನೆಯವರಿಗೆ ಮಾಡಿಲ್ಲ."

ದರ್ಜಿ ಕಣ್ಣು ಬಾಯಿ ಬಿಟ್ಟುಕೊಂಡು ನಿಂತ. ಆಮೇಲೆ ಸೌಟಪ್ಪನ ಭುಜದ ಮೇಲಿಂದ ಒಳಗೆ ಇಣುಕಿ ಪುಟ್ಟಿಯನ್ನು ನೋಡಿದ, ಖಾಲಿ ಬಟ್ಟಲನ್ನು ನಿಧಾನಕ್ಕೆ ಬೆನ್ನ ಹಿಂದೆ ಸರಿಸಿದ. "ಆಯ್ತು ಬಿಡಿ, ಆಯ್ತು ಬಿಡಿ," ಎನ್ನುತ್ತಾ ಹೋದ.

ಸೌಟಪ್ಪ ಬಾಗಿಲು ಹಾಕಿದ. ದರ್ಜಿಯ ಬಗ್ಗೆ ಪಾಪ ಎಂದೂ ಅನ್ನಿಸಿತು. ಬಂದು ಕೂತಾಗ ಪುಟ್ಟಿಯ ಬಟ್ಟಲಿನಲ್ಲಿ ಒಂದು ಬದಿಯ ಕ್ರೀಮು ಕುಸಿದಿತ್ತು. ಅವಳು ಬಾಯಲ್ಲಿದ್ದುದನ್ನು ತುಂಬ ಹೊತ್ತು ಹಾಗೇ ಇಟ್ಟುಕೊಂಡಿದ್ದಳು. ಕಣ್ಣಲ್ಲಿ ನೀರು ತುಂಬಿತ್ತು, ಒರೆಸಿಕೊಳ್ಳಲೂ ಇಲ್ಲ.

"ಹೆಂಗಿದೆ?" ಎಂದ ಅವನು. ಮುನ್ನೂರು ಜನರನ್ನು ಎಂದೂ ಅಷ್ಟು ಹೆದರಿಕೊಂಡು ಕೇಳಿದವನಲ್ಲ.

"ಸಕ್ಕರೆ ಕಮ್ಮಿ ಆಯ್ತಪ್ಪ."

ಹುಟ್ಟಿದಾಗಿನಿಂದ ಅವಳು ಅಪ್ಪನ ಅಡುಗೆಯಲ್ಲಿ ತಪ್ಪು ತೆಗೆದವಳಲ್ಲ. ಉಪ್ಪು ಹೆಚ್ಚಾದ ದಿನವೂ ಸುಮ್ಮನೆ ಉಂಡೆದ್ದವಳು. ಮಿಕ್ಕಿದ್ದನ್ನು ತಿನ್ನುವವರಿಗೆ ರುಚಿ ಸರಿಯಿಲ್ಲ ಎನ್ನುವ ಹಕ್ಕು ಎಲ್ಲಿಂದ ಬರಬೇಕು? ಸೌಟಪ್ಪನಿಗೆ ಅದು ಥಟ್ಟನೆ ಅರ್ಥವಾಯಿತು. ತನ್ನ ಬಟ್ಟಲನ್ನು ಹತ್ತಿರ ಎಳೆದುಕೊಂಡು ಕೇಳಿದ:

"ಮುಂದಿನ ಭಾನುವಾರಕ್ಕೆ ಎಷ್ಟು ಜಾಸ್ತಿ ಹಾಕ್ಲಿ?"

"ಅರ್ಧ ಚಮಚ," ಎಂದಳು ಪುಟ್ಟಿ ಎರಡನೇ ತುತ್ತು ಎತ್ತುತ್ತಾ. "ನನ್ನ ಬಟ್ಟಲಿಗೆ ಮಾತ್ರ."